ಅಡುಗೆಮನೆ ಸಮೇತ ಎತ್ತಂಗಡಿಯಾದ ಫುವಾನರು

ಥಾಯ್ ಭಾಷೆಯಲ್ಲಿ ‘ಥೇ ಖ್ರುವಾ’ ಅಂತ ಒಂದು ಮಾತಿದೆ. ಥೇ ಅಂದರೆ ಸುರಿಯುವುದು. ಖ್ರುವಾ ಅಂದರೆ ಅಡುಗೆಮನೆ, ಮನೆಮಂದಿ ಅಂತಲೂ ಆಗುತ್ತದೆ. ಗೆದ್ದ ಊರಿನವರನ್ನು ಮಕ್ಕಳುಮರಿ ಸಮೇತ ಎಬ್ಬಿಸಿ ತಂದು ತಮ್ಮ ನೆಲದಲ್ಲಿ ಕೂರಿಸುವುದಕ್ಕೆ ಈ ಹೆಸರು. ಚೀಲದಿಂದ ಭತ್ತ ಸುರಿದ ಹಾಗೆ!

ಹೀಗೆ ಥಾಯ್ ನೆಲಕ್ಕೆ ಬಂದವರಲ್ಲಿ ಫುವಾನ್ ಜನಾಂಗದವರೂ ಇದ್ದಾರೆ. ಇವರ ಮೂಲ ಉತ್ತರ ಲಾವೋಸಿನ ಶಿಯಾಂಗ್ ಖುವಾಂಗ್, ದೈತ್ಯ ಕಲ್ಲುಜಾಡಿಗಳಿರುವ ಬಯಲು. (ಜಾಡಿಗಳು ಇವರಿಗಿಂತ ತುಂಬಾ ಹಳೆಯವು.) ಅಲ್ಲಿದ್ದ ಇವರ ಪುಟ್ಟ ರಾಜ್ಯ ಮುವಾಂಗ್ ಫುವಾನ್, ಸುತ್ತಲಿನ ದೊಡ್ಡವರಿಗೆಲ್ಲ ಕಪ್ಪ ಕಟ್ಟಿಕೊಂಡೇ ಉಸಿರಾಡುತ್ತಿತ್ತು.

1827ರಲ್ಲಿ ವಿಯೆಂಟಿಯಾನಿನ ರಾಜ ಅನೌವಾಂಗ್ ಸಿಯಾಂ (ಈಗಿನ ಥಾಯ್ಲೆಂಡ್) ವಿರುದ್ಧ ದಂಡೆತ್ತಿ ಸೋತ. ಕೊನೆಗೆ ಫುವಾನರ ನಾಡಿಗೆ ಓಡಿಬಂದ. ಅಲ್ಲಿನ ಒಡೆಯ ಚಾವೊ ನೋಯ್ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಅನೌವಾಂಗ್‌ನನ್ನು ಹಿಡಿದು ಕೊಡದಿದ್ದರೆ ಸಿಯಾಂ ಬಿಡದು, ಕೊಟ್ಟರೆ ವಿಯೆಟ್ನಾಂ ಬಿಡದು. ಅವನು ಕೊಟ್ಟ. ವಿಯೆಟ್ನಾಂ ದೊರೆ ಮಿನ್ ಮಾಂಗ್ ಚಾವೊ ನೋಯ್‌ನನ್ನು ಕೊಲ್ಲಿಸಿದ. 1832ರಲ್ಲಿ ರಾಜ್ಯವನ್ನೂ ನುಂಗಿದ.

ಸಿಯಾಂ ಬೇರೆ ಲೆಕ್ಕ ಹಾಕಿತು. ಆ ಕಾಲದಲ್ಲಿ ನೆಲ ಜಾಸ್ತಿ, ಮಂದಿ ಕಮ್ಮಿ. ಊರು ಖಾಲಿ ಮಾಡಿಸಿದರೆ ವಿಯೆಟ್ನಾಂ ಸೈನ್ಯಕ್ಕೆ ಅಕ್ಕಿಯೂ ಸಿಗದು, ಹೊರೆ ಹೊರುವವರೂ ಸಿಗರು. ತನ್ನ ಗದ್ದೆಗೆ ಆಳು ಸಿಕ್ಕಂತೆಯೂ ಆಯಿತು. 1830ರ ದಶಕದಲ್ಲಿ ಸಾವಿರಾರು ಜನರನ್ನು ಮೆಕಾಂಗ್ ನದಿ ದಾಟಿಸಿದರು. ಇದನ್ನು ವಲಸೆ ಅಂದರೆ ಮಾತು ಮೆದುವಾಯಿತು, ಅಲ್ವಾ? ಲೋಪ್‌ಬುರಿಯ ಬಾನ್ ಮಿ, ಚಾಚೆಂಗ್‌ಸಾವೊದ ಫನೊಮ್ ಸರಖಾಮ್, ಸುಖೋಥಾಯ್‌ನ ಹಾತ್ ಸಿಯಾವ್‌ಗಳಲ್ಲಿ ಫುವಾನರು ಒಲೆ ಹೂಡಿದರು. 1870ರ ದಶಕದಲ್ಲಿ ಚೀನಾ ಕಡೆಯಿಂದ ಹೋ ದರೋಡೆ ದಂಡುಗಳು ನುಗ್ಗಿದಾಗ ಮತ್ತಷ್ಟು ಜನ ಊರು ಬಿಟ್ಟರು. 1893ರಲ್ಲಿ ಮೆಕಾಂಗ್‌ನ ಎಡದಂಡೆ ಫ್ರಾನ್ಸಿನ ಪಾಲಾಯಿತು. ನಡುವೆ ಗಡಿ ಬಿತ್ತು.

ಈಶಾನ್ಯ ಥಾಯ್ಲೆಂಡಿನ ಬಾನ್ ಚಿಯಾಂಗ್ ಇತಿಹಾಸಪೂರ್ವ ಮಡಕೆಗಳಿಗೆ ಹೆಸರುವಾಸಿ, 1992ರಿಂದ ವಿಶ್ವ ಪರಂಪರೆ ತಾಣ. ಈಗಿನ ಊರಿನವರು ಫುವಾನರು. ಯಾರದೋ ಕಲ್ಲುಜಾಡಿ ಬಿಟ್ಟು ಬಂದವರು ಯಾರದೋ ಮಡಕೆಗಳ ಮೇಲೆ ಮನೆ ಕಟ್ಟಿಕೊಂಡರು.

ಶಿಯಾಂಗ್ ಖುವಾಂಗ್‌ನಲ್ಲೇ ಉಳಿದವರಿಗೂ ನೆಮ್ಮದಿ ಸಿಗಲಿಲ್ಲ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಹಳೆಯ ರಾಜಧಾನಿ ಮುವಾಂಗ್ ಖೂನ್ ನೆಲಸಮವಾಯಿತು. ಪ್ರಾಂತ್ಯದ ಕೇಂದ್ರ ಫೊನ್ಸವಾನ್‌ಗೆ ಹೋಯಿತು.

ಥಾಯ್ಲೆಂಡಿನ ಫುವಾನರು ಈಗಲೂ ಮೂರನೇ ಚಾಂದ್ರಮಾನ ತಿಂಗಳಲ್ಲಿ ‘ಕಾಮ್ ಫಾ’ ಹಬ್ಬ ಮಾಡುತ್ತಾರೆ. ಆ ದಿನ ಸಂಪ್ರದಾಯದಂತೆ ಕೆಲಸಕ್ಕೆ ರಜೆ. ಗುಡುಗು ಯಾವ ದಿಕ್ಕಿನಿಂದ ಬಂತು ಅಂತ ಹಿರಿಯರು ಕಿವಿಗೊಟ್ಟು ಕೇಳುತ್ತಾರೆ, ಆ ವರ್ಷದ ಮಳೆ ಬೆಳೆ ಅಂದಾಜು ಮಾಡುತ್ತಾರೆ.