'ರೀಮಾಸ್ಟರ್ಡ್ 2009', '2022 ಮಿಕ್ಸ್' – ಬೀಟಲ್ಸ್ ರಿವಾಲ್ವರ್‌ನಲ್ಲಿ ಯಾವ್ದನ್ನ ಕೇಳ್ಬೇಕು?

ಪ್ರಶ್ನೆ: ಸ್ಪಾಟಿಫೈನಲ್ಲಿ ಬೀಟಲ್ಸ್ ಅವರ ರಿವಾಲ್ವರ್ ಆಲ್ಬಮ್ ಹುಡುಕಿದ್ರೆ ಒಂದೇ ಹಾಡಿನ ಮುಂದೆ ಒಂದ್ಕಡೆ 'ರೀಮಾಸ್ಟರ್ಡ್ 2009' ಅಂತಿದೆ, ಇನ್ನೊಂದ್ಕಡೆ '2022 ಮಿಕ್ಸ್' ಅಂತಿದೆ, ಮತ್ತೊಂದ್ಕಡೆ ಮೋನೋ ಅಂತಿದೆ. ಎಲ್ಲಾ 1966ರ ಅದೇ ರೆಕಾರ್ಡಿಂಗ್ ತಾನೆ? ಹಾಗಿದ್ರೆ ವ್ಯತ್ಯಾಸ ಏನು, ನಾನು ಯಾವ್ದು ಕೇಳ್ಬೇಕು?

ಉತ್ತರ: ಹೌದು, ಹಾಡಿದ್ದು ನುಡಿಸಿದ್ದು ಎಲ್ಲಾ 1966ರದ್ದೇ, ಆ ಏಪ್ರಿಲ್‌ನಿಂದ ಜೂನ್‌ವರೆಗೆ ಲಂಡನ್ನಿನ ಅಬ್ಬೆ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ ಟೇಪಿಗೆ ಬಿದ್ದಿದ್ದು, ಅದಕ್ಕೆ ಹೊಸದಾಗಿ ಯಾರೂ ಒಂದು ಸ್ವರಾನೂ ಸೇರಿಸಿಲ್ಲ. ಆದ್ರೆ ನಿಮ್ಮ ಕಿವಿಗೆ ಬರೋದು ಆ ಟೇಪ್ ಅಲ್ಲ. ಆ ಟೇಪನ್ನ ಮುಂದಿಟ್ಕೊಂಡು ಒಬ್ರು ಕೂತು ಡ್ರಮ್ಸ್ ಎಷ್ಟು ಜೋರಿರ್ಬೇಕು, ಹಾಡೋರ ದನಿ ನಡುವೆ ಬರ್ಬೇಕಾ ಬಲಗಡೆ ಬರ್ಬೇಕಾ, ಗಿಟಾರ್ ಎಲ್ಲಿ ಏಳ್ಬೇಕು ಎಲ್ಲಿ ಇಳೀಬೇಕು ಅಂತ ತೀರ್ಮಾನ ಮಾಡ್ತಾರಲ್ಲ, ಅದು ಮಿಕ್ಸ್. ಹಾಗೆ ತಯಾರಾದ ಮಿಕ್ಸನ್ನ ಮುಟ್ಟದೆ, ಅದರ ಒಟ್ಟು ಸದ್ದನ್ನ ಮಾತ್ರ ಸ್ವಲ್ಪ ತಿದ್ದಿ ತೀಡಿ ಸಿಡಿಗೋ ಎಲ್‌ಪಿಗೋ ರೆಡಿ ಮಾಡೋದು ಮಾಸ್ಟರಿಂಗ್. ಅಂದ್ರೆ 2009ರದ್ದು 1966ರ ತೀರ್ಮಾನಗಳನ್ನೇ ಧೂಳು ಒರೆಸಿ ಕೊಟ್ಟಿದ್ದು, 2022ರದ್ದು ಹೊಸಬರು ಕೂತು ಹೊಸದಾಗಿ ಮಾಡಿದ ತೀರ್ಮಾನ. ಇಷ್ಟು ಗೊತ್ತಾದ್ರೆ ಫ್ಯಾನ್ಸ್ ಮಧ್ಯೆ ನಡಿಯೋ ಅರ್ಧ ಜಗಳ ಅರ್ಥ ಆಗತ್ತೆ.

ಈಗ ಮೋನೋ ವಿಷಯ. ಮೋನೋ ಅಂದ್ರೆ ಎಲ್ಲಾ ಸದ್ದೂ ಒಂದೇ ಕಡೆಯಿಂದ ಬರೋದು, ಸ್ಟಿರಿಯೋ ಅಂದ್ರೆ ಎಡಕ್ಕೂ ಬಲಕ್ಕೂ ಹಂಚಿ ಬರೋದು. 1966ರಲ್ಲಿ ಇಂಗ್ಲೆಂಡಿನ ಬಹುಪಾಲು ಮನೆಗಳಲ್ಲಿ ಇದ್ದಿದ್ದು ಒಂದೇ ಸ್ಪೀಕರಿನ ಪ್ಲೇಯರ್, ರೇಡಿಯೋದಲ್ಲೂ ಮೋನೋನೇ, ಹಾಗಾಗಿ ಬ್ಯಾಂಡಿನವರು, ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್, ಇಂಜಿನಿಯರ್ ಜೆಫ್ ಎಮೆರಿಕ್ ಎಲ್ಲರ ಗಮನಾನೂ ಮೋನೋ ಮಿಕ್ಸ್ ಮೇಲೆ, ಸ್ಟಿರಿಯೋ ಅನ್ನೋದು ಆಮೇಲೆ ಬೇಗ ಬೇಗ ಮುಗಿಸೋ ಕೆಲಸ. ಎರಡೂ ಬೇರೆ ಬೇರೆಯಾಗಿ ಕೈಯಲ್ಲೇ ಮಾಡಿದ್ದರಿಂದ ಎರಡರಲ್ಲಿ ಕೇಳ್ಸೋದೂ ಬೇರೆ. 'ಐಯಾಮ್ ಓನ್ಲಿ ಸ್ಲೀಪಿಂಗ್' ಹಾಡಲ್ಲಿ ಜಾರ್ಜ್ ಹ್ಯಾರಿಸನ್ ಅವರ ಹಿಂದುಮುಂದಾದ ಗಿಟಾರ್ ಬರತ್ತಲ್ಲ, ಮೋನೋದಲ್ಲಿ ಅದು ಬರೋ ಜಾಗ ಬೇರೆ, ಸ್ಟಿರಿಯೋದಲ್ಲಿ ಬೇರೆ. ಮುಂದಿನ ವರ್ಷದ ಸಾರ್ಜೆಂಟ್ ಪೆಪ್ಪರ್‌ನಲ್ಲಿ 'ಶೀಸ್ ಲೀವಿಂಗ್ ಹೋಮ್' ಮೋನೋದಲ್ಲಿ ಸ್ಟಿರಿಯೋಗಿಂತ ವೇಗವಾಗಿ ಓಡತ್ತೆ, ಶ್ರುತಿನೂ ಸ್ವಲ್ಪ ಮೇಲೆ. ಹಾಗಾಗಿ ಮೋನೋ ಅಂದ್ರೆ ಸ್ಟಿರಿಯೋನ ಒತ್ತಿ ಒಂದು ಮಾಡಿದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಸರಿ, ಹಾಗಾದ್ರೆ 1966ರ ಸ್ಟಿರಿಯೋದಲ್ಲಿ ತೊಂದರೆ ಏನಿತ್ತು, ಹೊಸದಾಗಿ ಯಾಕೆ ಮಿಕ್ಸ್ ಮಾಡ್ಬೇಕಾಯ್ತು? ಹೆಡ್‌ಫೋನ್ ಹಾಕ್ಕೊಂಡು ಆಲ್ಬಮ್ಮಿನ ಮೊದಲ ಹಾಡು 'ಟ್ಯಾಕ್ಸ್‌ಮನ್' 2009ರ ರೀಮಾಸ್ಟರ್‌ನಲ್ಲಿ ಕೇಳಿ. ಡ್ರಮ್ಸ್, ಬಾಸ್, ರಿದಮ್ ಗಿಟಾರ್ ಮೂರೂ ಎಡಗಿವಿಗೇ ಅಂಟ್ಕೊಂಡಿರತ್ತೆ. ಬಲಗಡೆಯ ಇಯರ್‌ಫೋನ್ ಒಂದನ್ನೇ ಹಾಕ್ಕೊಂಡ್ರೆ ಹಾಡಿನ ಬೆನ್ನೆಲುಬೇ ಮಾಯ. ಯಾಕೆ ಹೀಗೆ ಅಂದ್ರೆ ಆಗ ಅಬ್ಬೆ ರೋಡಲ್ಲಿದ್ದ ಸ್ಟೂಡರ್ ಮಶೀನಿನಲ್ಲಿ ಇದ್ದಿದ್ದು ಬರೀ 4 ಟ್ರ್ಯಾಕ್, ಅಂದ್ರೆ ಟೇಪಿನ ಮೇಲೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡೋಕೆ ನಾಲ್ಕೇ ಸಾಲು. ಈಗ ಮನೇಲಿ ಲ್ಯಾಪ್‌ಟಾಪ್ ಇಟ್ಕೊಂಡಿರೋ ಹುಡುಗ್ರಿಗೂ ಲೆಕ್ಕ ಇಲ್ಲದಷ್ಟು ಟ್ರ್ಯಾಕ್ ಸಿಗತ್ತೆ, ಬೀಟಲ್ಸಿಗೆ ನಾಲ್ಕು. ಮುಂದೆ ದನಿಗೆ, ಲೀಡ್ ಗಿಟಾರಿಗೆ ಜಾಗ ಉಳೀಬೇಕಲ್ಲ, ಅದಕ್ಕೆ ಡ್ರಮ್ಸ್ ಬಾಸ್ ಗಿಟಾರ್ ಮೂರನ್ನೂ ಒಟ್ಟಿಗೆ ನುಡಿಸಿ ಒಂದೇ ಟ್ರ್ಯಾಕಿಗೆ ಹಾಕ್ಬಿಟ್ರು. ಒಂದೇ ಟ್ರ್ಯಾಕಲ್ಲಿ ಇರೋದನ್ನ ಎಡಕ್ಕೋ ಬಲಕ್ಕೋ ನಡುವಿಗೋ ಒಟ್ಟಿಗೇ ಇಡ್ಬೇಕು, ಒಂದೊಂದನ್ನ ಒಂದೊಂದು ಕಡೆ ಇಡೋ ದಾರಿ ಇಲ್ಲ.

ನನಗೆ ಇದು ಸಂಕಟ ಅನ್ಸೋದು ಯಾಕೆ ಅಂದ್ರೆ ಆ ಡ್ರಮ್ಸ್ ಸದ್ದಿಗೆ ಅವರು ಪಟ್ಟ ಪಾಡು ಗೊತ್ತಿರೋದ್ರಿಂದ. ಎಮೆರಿಕ್‌ಗೆ ಆಗಿನ್ನೂ 20 ವರ್ಷ. ಡ್ರಮ್ಮಿಗೆ ಅಷ್ಟು ಹತ್ರ ಮೈಕ್ ಇಡಬಾರ್ದು ಅನ್ನೋದು ಇಎಂಐ ನಿಯಮ, ಮೈಕ್ ಹಾಳಾಗತ್ತೆ ಅಂತ. ಅವನು ನಿಯಮ ಮುರಿದು ಮೈಕನ್ನ ಬಾಸ್ ಡ್ರಮ್ಮಿಗೆ ಹತ್ರ ಹತ್ರ ತಂದ, ಅಲ್ಲೇ ಬಿದ್ದಿದ್ದ ಒಂದು ಉಣ್ಣೆ ಸ್ವೆಟರನ್ನ ಡ್ರಮ್ ಒಳಗೆ ತುರುಕಿದ, ಅನುರಣನ ಕಮ್ಮಿ ಆಗಿ ಪ್ರತಿ ಒದೆತ ದಪ್ಪಗೆ ಎದೆಗೇ ಹೊಡಿಯೋ ಹಾಗೆ ಬಂತು, ಅದನ್ನ ಫೇರ್‌ಚೈಲ್ಡ್ ಲಿಮಿಟರ್ ಅನ್ನೋ, ಸದ್ದಿನ ಏರುಗಳನ್ನ ತಡೆಯೋ ಭಾರದ ಮಶೀನ್ ಮೂಲಕ ಹಾಯಿಸಿ ಹಿಂಡಿದ. ರಿಂಗೋ ನುಡಿಸ್ತಿದ್ದ ರೀತಿಗೆ ಆ ಸದ್ದು ಸೇರಿದ್ಮೇಲೆ ರಾಕ್ ಡ್ರಮ್ಮಿಂಗ್ ಹೇಗೆ ಕೇಳಿಸ್ಬೇಕು ಅನ್ನೋದೇ ಬದಲಾಯ್ತು. ಅಂಥ ಸದ್ದು ಐವತ್ತಕ್ಕೂ ಹೆಚ್ಚು ವರ್ಷ ಸ್ಟಿರಿಯೋ ಕೇಳೋರಿಗೆ ಎಡಗಡೆ ಮೂಲೆಯಲ್ಲಿ ಕೂತಿತ್ತು.

ಇಲ್ಲಿ ಇನ್ನೊಂದು ಪ್ರಶ್ನೆ ಬರತ್ತೆ, ಸಾರ್ಜೆಂಟ್ ಪೆಪ್ಪರ್ ರೀಮಿಕ್ಸ್ 2017ರಲ್ಲೇ ಬಂತಲ್ಲ, ರಿವಾಲ್ವರ್ ಅದಕ್ಕಿಂತ ಹಳೇದು, ಅದಕ್ಕೆ ಯಾಕೆ 2022ರವರೆಗೆ ಕಾಯ್ಬೇಕಾಯ್ತು ಅಂತ. ಉತ್ತರ ಟೇಪಿನಲ್ಲೇ ಇದೆ. ಪೆಪ್ಪರ್ ಮಾಡೋವಾಗ ನಾಲ್ಕೂ ಟ್ರ್ಯಾಕ್ ತುಂಬಿದ ಕೂಡ್ಲೇ ಆ ನಾಲ್ಕನ್ನ ಇನ್ನೊಂದು ಮಶೀನಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ ಉಳಿದ ಜಾಗದಲ್ಲಿ ಮುಂದಿಂದು ರೆಕಾರ್ಡ್ ಮಾಡ್ತಿದ್ರು, ಹೀಗೆ ಇಳಿಸಿದಾಗೆಲ್ಲ ಸದ್ದು ಸ್ವಲ್ಪ ಮಾಸತ್ತೆ. ಆದ್ರೆ ಇಎಂಐ ಮೊದಲಿನ ಟೇಪುಗಳನ್ನ ಎಸೆದಿರ್ಲಿಲ್ಲ. ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಮಾರ್ಟಿನ್ ಮತ್ತು ಇಂಜಿನಿಯರ್ ಸ್ಯಾಮ್ ಓಕೆಲ್ ಆ ಮೊದಲ ತಲೆಮಾರಿನ ಟೇಪುಗಳನ್ನೇ ತೆಗೆದು, ಕಂಪ್ಯೂಟರಿನಲ್ಲಿ ಒಂದಕ್ಕೊಂದು ತಾಳ ಸೇರಿಸಿ, ಮಾಸದೇ ಇರೋ ಸದ್ದಿನಿಂದ ಹೊಸ ಮಿಕ್ಸ್ ಮಾಡಿದ್ರು. ರಿವಾಲ್ವರಲ್ಲಿ 'ಟ್ಯಾಕ್ಸ್‌ಮನ್' ಥರದ ಹಾಡಿಗೆ ಆ ದಾರಿ ಇಲ್ಲ, ಮೂರು ವಾದ್ಯ ಹುಟ್ಟಿದ್ದೇ ಒಂದೇ ಟ್ರ್ಯಾಕಲ್ಲಿ, ಅದಕ್ಕೂ ಹಿಂದಿನ ಟೇಪ್ ಅನ್ನೋದೇ ಇಲ್ಲ. ಕುದ್ದ ಹುಳಿಯಿಂದ ಉಪ್ಪು, ಹುಣಸೆ, ಬೆಲ್ಲ ವಾಪಸ್ ಬೇರೆ ಬೇರೆ ಬಟ್ಟಲಿಗೆ ತೆಗೀರಿ ಅಂದ ಹಾಗೆ.

ಅದನ್ನ ತೆಗೆಯೋ ಉಪಾಯ ಬಂದಿದ್ದು ಸಿನಿಮಾದವರ ಕಡೆಯಿಂದ. ಪೀಟರ್ ಜಾಕ್ಸನ್ 2021ರ 'ಗೆಟ್ ಬ್ಯಾಕ್' ಡಾಕ್ಯುಮೆಂಟರಿ ಮಾಡೋವಾಗ ಅವರ ಕೈಗೆ ಸಿಕ್ಕಿದ್ದು 1969ರ ಜನವರಿಯಲ್ಲಿ ಶೂಟಿಂಗ್ ತಂಡ ರೆಕಾರ್ಡ್ ಮಾಡಿದ್ದ ಮೋನೋ ಟೇಪುಗಳು, ಜಾನ್ ಮತ್ತು ಪಾಲ್ ಮಾತಾಡ್ತಿದ್ರೆ ಪಕ್ಕದಲ್ಲೇ ಯಾರೋ ಗಿಟಾರ್ ಬಾರಿಸ್ತಾ ಇರೋದು, ಎಲ್ಲಾ ಒಂದರ ಮೇಲೊಂದು. ಅವರ ತಂಡದ ಎಮಿಲ್ ಡೆ ಲಾ ರೇ ನೇತೃತ್ವದಲ್ಲಿ ಒಂದು ಸಾಫ್ಟ್‌ವೇರ್ ತಯಾರಾಯ್ತು, ಬೀಟಲ್ಸ್ ಜೊತೆ ಯಾವಾಗ್ಲೂ ಇರ್ತಿದ್ದ ರೋಡ್ ಮ್ಯಾನೇಜರ್ ಮ್ಯಾಲ್ ಇವಾನ್ಸ್ ನೆನಪಿಗೆ ಅದಕ್ಕೆ ಮ್ಯಾಲ್ ಅಂತ ಹೆಸರು. ಕೆಲಸ ಮಾಡೋ ರೀತಿ ಸರಳವಾಗಿ ಹೇಳ್ಬೇಕಂದ್ರೆ, ಬರೀ ಡ್ರಮ್ಸ್ ಹೇಗಿರತ್ತೆ, ಬರೀ ಬಾಸ್ ಹೇಗಿರತ್ತೆ, ಬರೀ ಮನುಷ್ಯನ ದನಿ ಹೇಗಿರತ್ತೆ ಅಂತ ಕಂಪ್ಯೂಟರಿಗೆ ಸಾಕಷ್ಟು ಕೇಳಿಸಿ ಕಲಿಸೋದು, ಆಮೇಲೆ ಬೆರೆತಿರೋ ಸದ್ದನ್ನ ಕೊಟ್ಟಾಗ ಇದು ಡ್ರಮ್ಮಿನ ಪಾಲು, ಇದು ಬಾಸಿನ ಪಾಲು ಅಂತ ಅದು ಪ್ರತಿ ಕ್ಷಣಕ್ಕೂ ಬಿಡಿಸ್ತಾ ಹೋಗತ್ತೆ. ಹೀಗೆ ಬಿಡಿಸಿದ್ಮೇಲೆ ಜೈಲ್ಸ್ ಮಾರ್ಟಿನ್‌ಗೆ ರಿಂಗೋ ಡ್ರಮ್ಸ್ ಬೇರೆ, ಪಾಲ್ ಬಾಸ್ ಬೇರೆ, ಗಿಟಾರ್ ಬೇರೆ ಸಿಕ್ತು, ಬೇಕಾದಲ್ಲಿ ಇಡೋಕಾಯ್ತು. 2022ರ ಅಕ್ಟೋಬರ್ 28ಕ್ಕೆ ಹೊಸ ರಿವಾಲ್ವರ್ ಬಂತು.

ತುಂಬಾ ಜನ ಇಲ್ಲೇ ಗೊಂದಲ ಮಾಡ್ಕೊಳ್ತಾರೆ, ಎಐ ಬಳಸಿದ್ದಾರೆ ಅಂದ್ರೆ ಜಾನ್ ಲೆನನ್ ದನೀನ ಕಂಪ್ಯೂಟರ್ ಹುಟ್ಟಿಸಿದೆ ಅಂತ. ಇಲ್ಲ. 2023ರಲ್ಲಿ ಬಂದ 'ನೌ ಆಂಡ್ ದೆನ್' ವಿಷಯದಲ್ಲಂತೂ ಇದನ್ನ ಮತ್ತೆ ಮತ್ತೆ ಹೇಳ್ಬೇಕು, ಅದರಲ್ಲಿರೋದು 1970ರ ದಶಕದ ಕೊನೆಗೆ ನ್ಯೂಯಾರ್ಕಿನ ಮನೇಲಿ ಕ್ಯಾಸೆಟ್ಟಿಗೆ ಜಾನ್ ಸ್ವತಃ ಹಾಡಿದ ದನಿ. ಯೋಕೋ ಓನೋ ಆ ಟೇಪ್ ಕೊಟ್ಟಿದ್ರು, 1995ರಲ್ಲಿ ಉಳಿದ ಮೂವರು ಹಾಡನ್ನ ಪೂರ್ತಿ ಮಾಡೋಕೆ ಕೂತಿದ್ರು, ಆದ್ರೆ ಪಿಯಾನೋ ದನಿಯನ್ನ ನುಂಗ್ತಿತ್ತು, ಕರೆಂಟಿನ ಗುಂಯ್ ಸದ್ದು ಬೇರೆ, ಕೈಬಿಟ್ರು. 2001ರಲ್ಲಿ ಜಾರ್ಜ್ ಹ್ಯಾರಿಸನ್ ಹೋಗ್ಬಿಟ್ರು. ಮ್ಯಾಲ್ ಬಂದ್ಮೇಲೆ ದನಿ ಮಾತ್ರ ಬಿಡಿಸಿ, 1995ರ ಜಾರ್ಜ್ ಗಿಟಾರ್ ಇಟ್ಕೊಂಡು, ಪಾಲ್ ಮತ್ತು ರಿಂಗೋ ಮುಗಿಸಿದ್ರು. ಬಿಡಿಸೋದು ಬೇರೆ, ಹುಟ್ಟಿಸೋದು ಬೇರೆ, ಇವೆರಡನ್ನ ಒಂದೇ ಅಂದ್ರೆ ಆ ನಾಲ್ವರಿಗೂ ಅನ್ಯಾಯ.

ಹಾಗಂತ 2022ರ ಮಿಕ್ಸ್ ಎಲ್ಲಾ ರೀತಿಯಲ್ಲೂ ಮೇಲು ಅಂತ ನಾನು ಹೇಳಲ್ಲ. 'ಟ್ಯಾಕ್ಸ್‌ಮನ್'ನಲ್ಲಿ ಪಾಲ್ ಬಾಸ್ ಈಗ ಕುಣಿಯತ್ತೆ, ನಿಜ. 'ಲವ್ ಯೂ ಟೂ' ಹಾಡನ್ನ ನಮ್ಮ ಓದುಗರು ಬೇಕಂತಲೇ ಕೇಳ್ಬೇಕು, ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಸಂಪರ್ಕದಿಂದ ಬಂದ ಭಾರತೀಯ ಕಲಾವಿದರು ಅದರಲ್ಲಿ ನುಡಿಸಿದ್ದಾರೆ, ತಬಲಾ ಅನಿಲ್ ಭಾಗವತ್ ಅವರದ್ದು, ಆ ಕಾಲದಲ್ಲೇ ಕವರಿನ ಮೇಲೆ ಅವರ ಹೆಸರು ಹಾಕಿದ್ರು. ತಬಲಾ ಕೇಳಿ ಬೆಳೆದ ಕಿವಿಗೆ ಡಗ್ಗಾದ ಮೀಂಡು ಹಳೇ ಸ್ಟಿರಿಯೋಗಿಂತ ಹೊಸ ಮಿಕ್ಸಲ್ಲಿ ದುಂಡಗೆ ಸಿಗತ್ತೆ ಅನ್ನೋದು ನನ್ನ ಅಭಿಪ್ರಾಯ. ಆದ್ರೆ 'ಟುಮಾರೋ ನೆವರ್ ನೋಸ್' ಮಾತ್ರ ನನಗೆ ಮೋನೋದಲ್ಲೇ ಬೇಕು. ಸ್ಟುಡಿಯೋ ಬಿಲ್ಡಿಂಗ್ ತುಂಬಾ ಮಶೀನುಗಳಲ್ಲಿ ಟೇಪ್ ಲೂಪುಗಳನ್ನ ಓಡಿಸಿ, ಸ್ಟಾಫು ಪೆನ್ಸಿಲ್ ಹಿಡ್ಕೊಂಡು ಟೇಪ್ ಬಿಗಿಯಾಗಿರೋ ಹಾಗೆ ನೋಡ್ಕೊಂಡು, ಮಿಕ್ಸಿಂಗ್ ಬೋರ್ಡಿನಲ್ಲಿ ಫೇಡರ್ ಮೇಲೆ ಕೆಳಗೆ ಮಾಡಿ ಲೈವಾಗಿ ಹೆಣೆದ ಸದ್ದು ಅದು, ಜಾನ್ ದನಿ ಆರ್ಗನ್ನಿನ ತಿರುಗೋ ಲೆಸ್ಲಿ ಸ್ಪೀಕರ್ ಒಳಗಿಂದ ಬರ್ತಿದೆ, ಆ ಗೊಂದಲ ಒಂದೇ ಬಿಂದುವಿನಿಂದ ನುಗ್ಗಿ ಬಂದ್ರೇನೇ ಅದಕ್ಕೆ ಶಕ್ತಿ. ಅಗಲ ಮಾಡಿದ್ರೆ ಪ್ರತಿಯೊಂದೂ ಸ್ಪಷ್ಟ ಆಗತ್ತೆ, ಸ್ಪಷ್ಟ ಆದಷ್ಟೂ ಆ ಹಾಡಿನ ಅಮಲು ಇಳಿಯತ್ತೆ.

ಹೋಲಿಸಿ ನೋಡೋರಿಗೆ ಒಂದು ಮಾತು, ವಾಲ್ಯೂಮ್ ಸಮ ಮಾಡ್ಕೊಳ್ಳಿ. ರೀಇಶ್ಯೂ ಮಾಡೋರು ಸದ್ದಿನ ತುದಿಗಳನ್ನ ಲಿಮಿಟರ್‌ನಿಂದ ತಟ್ಟಿ ಒಟ್ಟು ಮಟ್ಟ ಏರಿಸ್ತಾರೆ, ಒಂದು ಚೂರು ಜೋರಿರೋದೇ ಕಿವಿಗೆ ಚೆನ್ನಾಗಿದೆ ಅನ್ಸೋದು ಎಲ್ಲರಿಗೂ ಆಗೋದು. 2009ರಲ್ಲಿ ಅಬ್ಬೆ ರೋಡ್ ತಂಡ ಇದನ್ನ ಜವಾಬ್ದಾರಿಯಿಂದ ಮಾಡ್ತು, ನಾಲ್ಕು ವರ್ಷ ಕೂತ್ರು, ಸ್ಟಿರಿಯೋಗೆ ಸ್ವಲ್ಪ ಲಿಮಿಟಿಂಗ್ ಹಾಕಿದ್ರು, ಮೋನೋ ಸೆಟ್ಟಿಗೆ ಹಾಕ್ಲೇ ಇಲ್ಲ. ಮೋನೋ ಸೆಟ್ ಈಗ್ಲೂ ಫ್ಯಾನ್ಸ್ ಕಣ್ಣಿಗೊತ್ಕೊಂಡು ಇಟ್ಕೊಳ್ಳೋದು ಅದಕ್ಕೇ. ಇಷ್ಟು ಮುಖ್ಯವಾದ ಮೋನೋ ಮಿಕ್ಸುಗಳನ್ನ ಸ್ಟಿರಿಯೋ ಥರಾನೇ ಪ್ರತಿ ಆಲ್ಬಮ್ಮಿಗೂ ಸುಲಭವಾಗಿ ಸಿಗೋ ಹಾಗೆ ಇಡ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ, ಹೊಸ ಮಿಕ್ಸ್ ಬಂತು ಅಂತ ಹಳೇದು ಹಿಂದೆ ಸರಿಯಬಾರ್ದು.

ನಿಮ್ಮ ಪ್ರಶ್ನೆಗೆ ನೇರವಾಗಿ: ಸ್ಟ್ರೀಮಿಂಗಲ್ಲಿ ರಿವಾಲ್ವರ್ 'ಸೂಪರ್ ಡೀಲಕ್ಸ್' ಅನ್ನೋ 2022ರ ದೊಡ್ಡ ಸೆಟ್ ತೆಗೀರಿ, ಅದರ ಒಳಗೇ ಮೂಲ ಮೋನೋ ಇದೆ, ಮೊದಲು ಅದನ್ನ ಶುರುವಿಂದ ಕೊನೆವರೆಗೆ ಸ್ಪೀಕರಲ್ಲಿ ಕೇಳಿ. ಆಮೇಲೆ ಹೆಡ್‌ಫೋನಿಗೆ 2022 ಮಿಕ್ಸ್. 2009ರ ಸ್ಟಿರಿಯೋ ಹಳಬರು ಏನು ಕೇಳಿ ಬೆಳೆದ್ರು ಅಂತ ತಿಳಿಯೋಕೆ. ಆದ್ರೆ ಇಡೀ ಸೆಟ್ಟಿನಲ್ಲಿ ನನ್ನ ಪ್ರಕಾರ ನಿಜವಾದ ಆಸ್ತಿ ಅಂದ್ರೆ ಸೆಷನ್ ಟೇಪುಗಳು, ಹಾಡು ರೂಪುಗೊಳ್ತಿದ್ದಾಗಿನ ರೆಕಾರ್ಡಿಂಗುಗಳು. 'ಯೆಲ್ಲೋ ಸಬ್‌ಮರೀನ್' ಮಕ್ಕಳ ಹಾಡು ಅಂತ ಎಲ್ಲರೂ ಅಂದ್ಕೊಂಡಿರೋದು, ಇಲ್ಲಿ ಜಾನ್ ಒಬ್ರೇ ಗಿಟಾರ್ ಹಿಡಿದು ಅದರ ಮೊದಲ ರೂಪಾನ ಬೇಜಾರಿನ ದನಿಯಲ್ಲಿ ಹಾಡ್ತಾರೆ, ಆ ಹಾಡು ಬರೀ ಪಾಲ್ ತಲೆಯಿಂದ ಬಂದಿದ್ದು ಅಂತ ನಂಬಿದ್ದೋರಿಗೆಲ್ಲ ಅದು ಹೊಸ ಸುದ್ದಿ. 'ರೇನ್' ಹಾಡಿನ ಭಾರವಾದ ನಡಿಗೆ ಹೇಗೆ ಬಂತು ಅನ್ನೋದೂ ಅಲ್ಲಿದೆ, ವೇಗವಾಗಿ ನುಡಿಸಿ ಟೇಪನ್ನ ನಿಧಾನ ಮಾಡಿದ್ರು, ನುಡಿಸಿದ ವೇಗದಲ್ಲೇ ಇರೋ ಟೇಕ್ ಕೇಳಿದ್ರೆ ರಿಂಗೋ ಕೈ ಎಷ್ಟು ಚುರುಕು ಅಂತ ಗೊತ್ತಾಗತ್ತೆ. ರೀಮಿಕ್ಸ್ ಬೇಕಾ ಬೇಡ್ವಾ ಅಂತ ಜಗಳ ಆಡೋರೂ ಈ ಟೇಪುಗಳ ವಿಷಯಕ್ಕೆ ಬಂದ್ರೆ ಒಂದೇ ಕಡೆ ನಿಲ್ತಾರೆ.

ಎಲ್‌ಪಿ ಸಂಗ್ರಹ ಮಾಡೋರಿಗೆ ಇನ್ನೊಂದು. ಕಲ್ಕತ್ತಾದ ಡಮ್‌ಡಮ್‌ ಕಾರ್ಖಾನೆಯಲ್ಲಿ ಪ್ರೆಸ್ ಆದ ಬೀಟಲ್ಸ್ ರೆಕಾರ್ಡುಗಳು ಹಳೇ ಸಾಮಾನಿನ ಅಂಗಡಿಗಳಲ್ಲಿ ಈಗ್ಲೂ ಕಣ್ಣಿಗೆ ಬೀಳತ್ವೆ, ಕವರ್ ನೋಡಿ ಮರುಳಾಗ್ಬೇಡಿ, ರೆಕಾರ್ಡನ್ನ ಬೆಳಕಿಗೆ ಓರೆ ಹಿಡಿದು ಗೀರು ನೋಡಿ ತಗೊಳ್ಳಿ. ಇಂಗ್ಲೆಂಡಿನ ಮೊದಲ ಮೋನೋ ಪ್ರೆಸ್ಸಿಂಗ್ ಅಂತ ಯಾರಾದ್ರೂ ಭಾರೀ ರೇಟ್ ಹೇಳಿದ್ರೆ ಎರಡನೇ ಸೈಡಲ್ಲಿ ಲೇಬಲ್ ಪಕ್ಕ ಗೀಚಿರೋ ನಂಬರ್ ಓದಿ. ಎಕ್ಸ್‌ಇಎಕ್ಸ್ 606-1 ಅಂತಿದ್ರೆ ಅದು ನಿಜಕ್ಕೂ ಅಪರೂಪ, ಆ ಮೊದಲ ಪ್ರತಿಗಳಲ್ಲಿ 'ಟುಮಾರೋ ನೆವರ್ ನೋಸ್'ನ ಬೇರೆಯದೇ ಮಿಕ್ಸ್ ಹೋಗ್ಬಿಟ್ಟಿತ್ತು, ರೀಮಿಕ್ಸ್ 11 ಅಂತಾರೆ, ಆಮೇಲೆ ಬದಲಾಯಿಸಿದ್ರು. ಆ ಹಾಡು ಕೇಳೋ ಆಸೆ ಮಾತ್ರ ಇದ್ರೆ ಅಷ್ಟು ದುಡ್ಡು ಸುರಿಬೇಕಾಗಿಲ್ಲ, ಅದೇ ಮಿಕ್ಸನ್ನ ಸೂಪರ್ ಡೀಲಕ್ಸ್ ಸೆಟ್ಟಿನಲ್ಲಿ ಹಾಕಿದ್ದಾರೆ.