ಬಿಪಿ ರೋಗಿಗಳ ಫಾಲೋಅಪ್: ಬಾರದವರು ಮತ್ತು ಬಂದರೂ ಬಿಪಿ ಇಳಿಯದವರು

ಅಧಿಕ ರಕ್ತದೊತ್ತಡದ ಪಾಠ ಓದುವಾಗ ನಮ್ಮ ಗಮನವೆಲ್ಲ ರೋಗನಿರ್ಣಯ ಮತ್ತು ಔಷಧಗಳ ಹೆಸರಿನ ಮೇಲೇ ಇರುತ್ತದೆ. ಮೊದಲ ಚೀಟಿ ಬರೆದ ನಂತರದ ಕಥೆ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ: 2019ರಲ್ಲಿ 30ರಿಂದ 79 ವರ್ಷದವರಲ್ಲಿ ಸುಮಾರು 128 ಕೋಟಿ ಜನರಿಗೆ ಬಿಪಿ ಇತ್ತು. ಅವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಸುಮಾರು 42%, ಬಿಪಿ ಹತೋಟಿಯಲ್ಲಿದ್ದವರು 21%. ಅಂದರೆ ಚಿಕಿತ್ಸೆಯಲ್ಲಿರುವವರಲ್ಲೇ ಅರ್ಧದಷ್ಟು ಜನರ ಬಿಪಿ ಇಳಿದಿಲ್ಲ. ಇವರಿಗೆ ರೋಗ ಗೊತ್ತು, ಔಷಧ ಸಿಕ್ಕಿದೆ, ಚಿಕಿತ್ಸಾಲಯದ ದಾರಿಯೂ ಗೊತ್ತು. ಇವರ ಮಟ್ಟಿಗೆ ಮಿಕ್ಕಿರುವ ಕೆಲಸ ಬಹುಪಾಲು ಫಾಲೋಅಪ್‌ನದೇ.

ಫಾಲೋಅಪ್ ಎರಡು ಕಡೆ ಸೋರುತ್ತದೆ. ರೋಗಿ ಬರುವುದನ್ನೇ ನಿಲ್ಲಿಸುತ್ತಾರೆ, ನಮ್ಮ ಗಮನಕ್ಕೆ ಬರುವುದಿಲ್ಲ. ಇಲ್ಲವೇ ತಪ್ಪದೆ ಬರುತ್ತಾರೆ, ಬಿಪಿ ಪ್ರತಿ ಸಲವೂ ಹೆಚ್ಚೇ ಇರುತ್ತದೆ, ಆದರೂ ಚೀಟಿ ಬದಲಾಗುವುದಿಲ್ಲ. ಎರಡನೆಯದರ ಬಗ್ಗೆ ನಾವು ಮಾತನಾಡುವುದು ತೀರಾ ಕಡಿಮೆ, ಅದಕ್ಕೇ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಷ್ಟು ದಿನಕ್ಕೊಮ್ಮೆ?

2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ಔಷಧ ಶುರು ಮಾಡಿದ ಮೇಲೆ ಅಥವಾ ಬದಲಿಸಿದ ಮೇಲೆ, ಗುರಿ ಮುಟ್ಟುವವರೆಗೆ ತಿಂಗಳಿಗೊಮ್ಮೆ. ಹತೋಟಿಗೆ ಬಂದವರಿಗೆ 3ರಿಂದ 6 ತಿಂಗಳಿಗೊಮ್ಮೆ. ಬೇರೆ ಕಾಯಿಲೆ ಇಲ್ಲದವರಿಗೆ ಗುರಿ 140/90ಕ್ಕಿಂತ ಕಡಿಮೆ. ಹೃದಯ ಮತ್ತು ರಕ್ತನಾಳದ ಕಾಯಿಲೆ ಈಗಾಗಲೇ ಇದ್ದವರಿಗೆ ಮೇಲಿನ ಅಂಕಿ 130ಕ್ಕಿಂತ ಕೆಳಗಿರಬೇಕು.

ಅವಧಿ ಸ್ವಲ್ಪ ಹಿಂದೆಮುಂದೆ ಆದರೆ ಏನಾಗುತ್ತದೆ ಎಂದು ಕೇಳಬಹುದು. 2015ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಇದನ್ನೇ ನೋಡಿತು. ಮೇಲಿನ ಅಂಕಿ 150 ದಾಟಿದ ಮೇಲೂ ಔಷಧ ಹೆಚ್ಚಿಸಲು ಸುಮಾರು 1.4 ತಿಂಗಳಿಗಿಂತ ತಡವಾದರೆ, ಹೆಚ್ಚಿಸಿದ ಮೇಲೆ ಮತ್ತೆ ನೋಡಲು ಸುಮಾರು 2.7 ತಿಂಗಳಿಗಿಂತ ತಡವಾದರೆ, ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಹೆಚ್ಚಿರುವುದು ಕಂಡಿತು. ಇದು ದಾಖಲೆಗಳನ್ನು ಹಿಂದಿರುಗಿ ನೋಡಿದ ಅಧ್ಯಯನ. ಆದ್ದರಿಂದ ಕಾರಣ ಇದೇ ಎಂದು ಖಡಾಖಂಡಿತವಾಗಿ ಹೇಳಲಾಗದು. ಆದರೂ ವಾರಗಳ ಲೆಕ್ಕದ ವಿಳಂಬವನ್ನೂ ಹಗುರವಾಗಿ ಕಾಣಬಾರದು ಎನ್ನುವಷ್ಟು ಬಲ ಇದಕ್ಕಿದೆ.

ಬಂದ ರೋಗಿಯ ಬಿಪಿ ಅಳೆಯುವುದು

ಅಳತೆ ನಂಬುವಂತಿಲ್ಲದಿದ್ದರೆ ಅದರ ಮೇಲೆ ತೀರ್ಮಾನವೂ ನಿಲ್ಲದು. ಹಾಗಾಗಿ ಈ ಭಾಗವನ್ನು ಬಾಯಿಪಾಠ ಮಾಡಿಕೊಳ್ಳಿ. ರೋಗಿ 5 ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ಅರ್ಧ ಗಂಟೆಯೊಳಗೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಆಗಿರಬಾರದು. ಮೂತ್ರ ಮಾಡಿ ಬಂದಿರಬೇಕು. ಪಟ್ಟಿಯನ್ನು ಬರಿಯ ತೋಳಿಗೇ ಕಟ್ಟಬೇಕು. ತೋಳು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿರಲಿ. ತೋಳು 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೂ ಅಂಕಿ 7–8ರಷ್ಟು ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಷ್ಟೇ, ಬಿಪಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಅಳೆಯುವಾಗ ನಾವೂ ಮಾತನಾಡಬಾರದು, ಅವರೂ ಮಾತನಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ.

ರಿಜಿಸ್ಟರಿನ ಒಂದು ಪುಟ ತೆರೆದು ಅಂಕಿಗಳ ಕೊನೆ ನೋಡಿ. 140, 130, 150, 140 ಎಂದು ಎಲ್ಲವೂ ಸೊನ್ನೆಯಲ್ಲೇ ಮುಗಿದಿದ್ದರೆ ಯಾರೋ ಅಂದಾಜಿಗೆ ಸುತ್ತಿ ಬರೆಯುತ್ತಿದ್ದಾರೆ ಎಂದರ್ಥ. 140 ಎಂಬ ಗೆರೆಯ ಹತ್ತಿರ ಹೀಗೆ ಬರೆದರೆ ಯಾರಿಗೆ ಔಷಧ ಹೆಚ್ಚಿಸಬೇಕು, ಯಾರಿಗೆ ಬೇಡ ಎಂಬುದೇ ಕಲಸಿಹೋಗುತ್ತದೆ.

ವಯಸ್ಸಾದವರನ್ನು, ತಲೆಸುತ್ತು ಎನ್ನುವವರನ್ನು ನಿಲ್ಲಿಸಿಯೂ ಅಳೆಯಬೇಕು. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಔಷಧ ಹೆಚ್ಚಿಸುವ ಮುನ್ನ ಯೋಚಿಸಬೇಕು. ಇನ್ನು, ಬಿಪಿ 180/120 ದಾಟಿ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ದೃಷ್ಟಿ ಮಂಜಾಗುವುದು ಇದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ, ಈ ಟಿಪ್ಪಣಿಯ ವ್ಯಾಪ್ತಿಗೆ ಬರುವುದಿಲ್ಲ.

“ಅದೇ ಮಾತ್ರೆ ಮುಂದುವರಿಸಿ”

ಹೀಗೊಂದು ಕಾರ್ಡ್ ಇದೆ ಎಂದುಕೊಳ್ಳಿ. ಮೊದಲ ಸಾಲು: 158/96, ಆಮ್ಲೋಡಿಪಿನ್ 5 ಮಿ.ಗ್ರಾಂ. ಮುಂದಿನ ತಿಂಗಳು: 154/94, ಅದೇ ಮಾತ್ರೆ. ಅದರ ಮುಂದಿನ ತಿಂಗಳು: 156/92, ಅದೇ ಮಾತ್ರೆ, ಪಕ್ಕದಲ್ಲಿ “ಉಪ್ಪು ಕಡಿಮೆ ಮಾಡಿ”. ರೋಗಿ ಹೇಳಿದ ದಿನಕ್ಕೆಲ್ಲ ಬಂದಿದ್ದಾರೆ. ಹಾಜರಿ ನೂರಕ್ಕೆ ನೂರು. ಚಿಕಿತ್ಸೆ ಮಾತ್ರ ನಿಂತಲ್ಲೇ ನಿಂತಿದೆ. ಇದಕ್ಕೆ ವೈದ್ಯಕೀಯದಲ್ಲಿ ಚಿಕಿತ್ಸಾ ಜಡತ್ವ ಎನ್ನುತ್ತಾರೆ. “ಇವತ್ತು ನಡೆದುಕೊಂಡು ಬಂದಿದ್ದಾರೆ, ಅದಕ್ಕೇ ಹೆಚ್ಚಿರಬೇಕು”, “ಇನ್ನೊಂದು ತಿಂಗಳು ನೋಡೋಣ” ಎಂಬ ಸಮಾಧಾನಗಳಿಂದಲೇ ಇದು ಬೆಳೆಯುತ್ತದೆ.

ಮೇಲಿನ ಅಂಕಿ 10 ಇಳಿದರೆ ಹೃದಯ ಮತ್ತು ರಕ್ತನಾಳದ ದೊಡ್ಡ ಅನಾಹುತಗಳು ಸುಮಾರು ಐದನೇ ಒಂದರಷ್ಟು ತಗ್ಗುತ್ತವೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ಆ ಕಾರ್ಡಿನ ರೋಗಿಗೆ ಮೂರು ತಿಂಗಳಲ್ಲಿ ಕೈತಪ್ಪಿದ್ದು ಆ ಲಾಭ.

ಹಾಗಾಗಿ ಬಿಪಿ ಗುರಿಗಿಂತ ಹೆಚ್ಚಿದ್ದರೆ ಕೇಳಬೇಕಾದ್ದನ್ನು ಅಲ್ಲೇ ಕೇಳಿ ಮುಗಿಸಬೇಕು. “ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?” ಎಂದರೆ “ಹೂಂ” ಎಂಬ ಉತ್ತರವೇ ಬರುತ್ತದೆ. “ಎಷ್ಟೋ ಜನರಿಗೆ ಒಂದೊಂದು ದಿನ ಮಾತ್ರೆ ತಪ್ಪುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿತು?” ಎಂದು ಕೇಳಿ ನೋಡಿ, ಮಾತು ಬೇರೆಯೇ ಆಗುತ್ತದೆ. ತಪ್ಪಿದ್ದರೆ ಕಾರಣ ಹುಡುಕಿ: ಆಮ್ಲೋಡಿಪಿನ್‌ನಿಂದ ಪಾದ ಊದಿಕೊಂಡಿರಬಹುದು, ಎನಾಲಾಪ್ರಿಲ್‌ನಂಥ ಮಾತ್ರೆಯಿಂದ ಒಣಕೆಮ್ಮು ಬಂದಿರಬಹುದು. ಹೇಳಿಕೊಳ್ಳಲು ಸಂಕೋಚಪಟ್ಟು ಮಾತ್ರೆಯನ್ನೇ ಬಿಟ್ಟಿರುತ್ತಾರೆ. ನೋವಿನ ಮಾತ್ರೆ, ಸ್ಟೀರಾಯ್ಡ್, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಬಿಪಿ ಏರಿಸುತ್ತವೆ. ಇವು ಯಾವುದೂ ಇಲ್ಲ, ಮಾತ್ರೆಯೂ ತಪ್ಪಿಲ್ಲ, ಅಳತೆಯೂ ಸರಿಯಿದೆ ಎಂದಾದರೆ ಅದೇ ದಿನ ಚಿಕಿತ್ಸೆಯನ್ನು ಒಂದು ಹಂತ ಮೇಲೇರಿಸಬೇಕು.

ಚಿಕಿತ್ಸಾಲಯದ ಅಂಕಿಯ ಮೇಲೆ ನಿಜವಾಗಿ ಅನುಮಾನವಿದ್ದರೆ ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ಅಳೆಯಲು ಹೇಳಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ 135/85 ಇಲ್ಲಿನ 140/90ಕ್ಕೆ ಸಮ. “ನೋಡೋಣ” ಎಂದು ಬಿಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಉತ್ತರ ಬರುವ ದಿನ ಗೊತ್ತಿರುತ್ತದೆ.

ಸಾಧ್ಯ ಎನ್ನಲು ಒಂದು ಉದಾಹರಣೆ

ಅಮೆರಿಕದ ಕೈಸರ್ ಪರ್ಮನೆಂಟೆ ಸಂಸ್ಥೆಯ ಉತ್ತರ ಕ್ಯಾಲಿಫೋರ್ನಿಯಾ ವಿಭಾಗದಲ್ಲಿ 2001ರಲ್ಲಿ ಬಿಪಿ ಹತೋಟಿಯಲ್ಲಿದ್ದವರು ಸುಮಾರು 44%. 2009ರ ಹೊತ್ತಿಗೆ ಅದು 80% ಆಯಿತು. ಮಾಡಿದ್ದು ಇಷ್ಟು: ಎಲ್ಲ ಬಿಪಿ ರೋಗಿಗಳ ಒಂದೇ ರಿಜಿಸ್ಟರ್, ಎಲ್ಲರಿಗೂ ಒಂದೇ ಹಂತಹಂತದ ಚಿಕಿತ್ಸಾ ಕ್ರಮ, ಪ್ರತಿ ಕೇಂದ್ರದ ಹತೋಟಿ ಪ್ರಮಾಣವನ್ನು ಆಗಾಗ ಎಲ್ಲರೊಂದಿಗೆ ಹಂಚಿಕೊಳ್ಳುವುದು, ಎರಡು ಔಷಧ ಸೇರಿದ ಒಂದೇ ಮಾತ್ರೆ. ಇವುಗಳ ಜೊತೆ ನನಗೆ ಬಹಳ ಮುಖ್ಯ ಎನಿಸಿದ್ದು ಇನ್ನೊಂದು. ಔಷಧ ಬದಲಿಸಿದ 2ರಿಂದ 4 ವಾರಕ್ಕೆ ರೋಗಿ ಬಂದು ವೈದ್ಯಕೀಯ ಸಹಾಯಕರ ಬಳಿ ಬಿಪಿ ಅಳೆಸಿಕೊಂಡು ಹೋಗಬಹುದಿತ್ತು. ವೈದ್ಯರಿಗಾಗಿ ಕಾಯಬೇಕಿರಲಿಲ್ಲ, ಆ ಭೇಟಿಗೆ ಶುಲ್ಕವೂ ಇರಲಿಲ್ಲ. ಈ ಕ್ರಮಗಳೆಲ್ಲ ಒಟ್ಟಿಗೆ ಜಾರಿಯಲ್ಲಿದ್ದುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು.

ಬಾರದವರ ಲೆಕ್ಕ

ಒಂದು ಕೇಂದ್ರದಲ್ಲಿ 200 ಜನ ನೋಂದಾಯಿಸಿದ್ದಾರೆ ಎನ್ನೋಣ. ಈ ಮೂರು ತಿಂಗಳಲ್ಲಿ ಬಂದವರು 120, ಅವರಲ್ಲಿ 84 ಜನರ ಬಿಪಿ ಹತೋಟಿಯಲ್ಲಿದೆ. ಬಂದವರಿಂದ ಭಾಗಿಸಿದರೆ 70%, ಕೇಳಲು ಚೆನ್ನಾಗಿದೆ. ನೋಂದಾಯಿಸಿದವರಿಂದ ಭಾಗಿಸಿದರೆ 42%. ಎರಡನೆಯದನ್ನೇ ಬರೆಯಬೇಕು. ಬಾರದ 80 ಜನರನ್ನು ಲೆಕ್ಕದಿಂದ ಕೈಬಿಟ್ಟರೆ ಅವರನ್ನು ಹುಡುಕುವ ಕೆಲಸವೂ ಕೈಬಿಟ್ಟುಹೋಗುತ್ತದೆ.

ಹುಡುಕಲು ಪಟ್ಟಿ ಬೇಕು. ಮುಂದಿನ ಭೇಟಿಯ ದಿನವನ್ನು ರೋಗಿ ಹೊರಡುವ ಮುನ್ನ ಕಾರ್ಡಿನಲ್ಲೂ ರಿಜಿಸ್ಟರಿನಲ್ಲೂ ಬರೆಯಿರಿ, ಮಾತ್ರೆಯನ್ನು ಆ ದಿನ ದಾಟಿ ಕೆಲವು ದಿನಕ್ಕೆ ಸಾಲುವಷ್ಟು ಕೊಡಿ. ವಾರಕ್ಕೊಮ್ಮೆ ದಿನ ಮೀರಿದವರ ಹೆಸರು ತೆಗೆದು ಫೋನ್ ಮಾಡಿ. ಹಿಂದಿನ ಬಿಪಿ ಬಹಳ ಹೆಚ್ಚಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರು ಮೊದಲು. “ಯಾಕೆ ಬರಲಿಲ್ಲ?” ಎಂದರೆ ಬೈದಂತೆ ಕೇಳಿಸುತ್ತದೆ. “ಈ ಸಲ ಬರೋಕೆ ಏನಾದ್ರೂ ತೊಂದರೆ ಆಯ್ತಾ?” ಎನ್ನಿ. ಸಿಕ್ಕ ಉತ್ತರವನ್ನು ಹೆಸರಿನ ಎದುರೇ ಬರೆಯಿರಿ: ಊರು ಬಿಟ್ಟರು, ತೀರಿಕೊಂಡರು, ಬೇರೆ ಕಡೆ ತೋರಿಸುತ್ತಿದ್ದಾರೆ, ಕೆಲಸಕ್ಕೆ ರಜೆ ಸಿಗಲಿಲ್ಲ, ಹೋದ ಸಲ ಮಾತ್ರೆ ಇರಲಿಲ್ಲ. ರಜೆಯ ಮಾತು ಹೆಚ್ಚಾದರೆ ಸಂಜೆಯ ವೇಳೆ ಬಿಪಿ ನೋಡುವ ಏರ್ಪಾಡು ಬೇಕು. ಮಾತ್ರೆ ಇಲ್ಲದ್ದು ಹೆಚ್ಚಾದರೆ ಆ ಪಟ್ಟಿಯನ್ನು ದಾಸ್ತಾನು ನೋಡಿಕೊಳ್ಳುವವರ ಮುಂದಿಟ್ಟು, ಮಾತ್ರೆ ಬಂದ ದಿನವೇ ಪಟ್ಟಿಯಲ್ಲಿರುವವರಿಗೆ ಮತ್ತೆ ಫೋನ್ ಮಾಡಬೇಕು.