ಇಲಿ ಹಿಕ್ಕೆಗೆ ಪೊರಕೆ ಹಾಕಬೇಡಿ

ಬಹಳ ದಿನ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದು ಮೂಲೆಯಲ್ಲಿ ಇಲಿ ಹಿಕ್ಕೆ ಕಂಡರೆ ಎಲ್ಲರ ಕೈಯೂ ಮೊದಲು ಹೋಗುವುದು ಪೊರಕೆಗೆ. ಇಲಿಗಳಿಂದ ಮನುಷ್ಯರಿಗೆ ತಗುಲುವ ಹ್ಯಾಂಟಾವೈರಸ್ ಇರುವ ಕಡೆ ಅಪಾಯ ಶುರುವಾಗುವುದೇ ಅಲ್ಲಿಂದ. ಕಾಡಿಲಿಯ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಹೊರಬೀಳುತ್ತದೆ. ಗುಡಿಸಿದಾಗ ಏಳುವ ದೂಳಿನ ಜೊತೆ ಉಸಿರಿಗೆ ಸೇರುತ್ತದೆ. ಇಲಿ ಕಚ್ಚಲೇಬೇಕೆಂದಿಲ್ಲ, ಕಣ್ಣಿಗೆ ಬೀಳಬೇಕೆಂದೂ ಇಲ್ಲ. ವೈರಸ್ ಹೊತ್ತ ಇಲಿಗೆ ಕಾಯಿಲೆಯ ಲಕ್ಷಣವೇ ಇರುವುದಿಲ್ಲ. ಪ್ಲೇಗಿನಲ್ಲಾದರೆ ಇಲಿಗಳು ಸತ್ತು ಬಿದ್ದು ಸುಳಿವು ಕೊಡುತ್ತವೆ. ಇಲ್ಲಿ ಆ ಸುಳಿವೂ ಸಿಗದು.

1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಗಟ್ಟಿಮುಟ್ಟಾದ ಯುವಜನರು ಉಸಿರಾಟ ಕಟ್ಟಿ ಸತ್ತರು. ಕಾರಣ, ಡೀರ್ ಮೌಸ್ ಎಂಬ ಕಾಡಿಲಿಯಲ್ಲಿದ್ದ ಸಿನ್ ನೊಂಬ್ರೆ ಎಂಬ ಹ್ಯಾಂಟಾವೈರಸ್. ಒಳ್ಳೆಯ ಮಳೆಯಾಗಿ ಕಾಡಿನಲ್ಲಿ ಮೇವು ಹೆಚ್ಚಿ ಇಲಿಗಳ ಸಂಖ್ಯೆ ಏರಿತ್ತು. 2012ರಲ್ಲಿ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 10 ಪ್ರವಾಸಿಗರಿಗೆ ಸೋಂಕು ತಗುಲಿ ಮೂವರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ತಂಗಿದ್ದ ಡೇರೆಗಳಿಗೆ ಎರಡು ಪದರದ ಗೋಡೆ. ನಡುವಿನ ಪೊಳ್ಳಿನಲ್ಲಿ ಇಲಿಗಳು ಗೂಡು ಕಟ್ಟಿದ್ದವು. ಮೇಲ್ನೋಟಕ್ಕೆ ಚೊಕ್ಕಟವಾಗಿ ಕಾಣುವ ಜಾಗವನ್ನು ಸುಮ್ಮನೆ ನಂಬುವಂತಿಲ್ಲ.

ಹಾಗಾದರೆ ಶುಚಿ ಮಾಡುವುದು ಹೇಗೆ? ಮೊದಲು ಬಾಗಿಲು, ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಹೊರಗಿರಿ. ರಬ್ಬರ್ ಕೈಗವಸು ಹಾಕಿಕೊಳ್ಳಿ. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಬೇಕಾದಾಗಲೇ ಹೊಸದಾಗಿ ತಯಾರಿಸಿ. ಬೆರೆಸಿಟ್ಟದ್ದು ಕಸುವು ಕಳೆದುಕೊಳ್ಳುತ್ತದೆ. ಅಮೋನಿಯಾ ಅಥವಾ ಆಮ್ಲವಿರುವ ಕ್ಲೀನರ್ ಅದಕ್ಕೆ ಸೇರಿದರೆ ವಿಷಾನಿಲ ಹೊರಡುತ್ತದೆ, ಜೋಕೆ. ಈ ಬ್ಲೀಚ್ ನೀರನ್ನು ದೂಳೇಳದ ಹಾಗೆ ಮೆಲ್ಲಗೆ ಹಾಕಿ, ಹಿಕ್ಕೆ, ಗೂಡು ಎಲ್ಲ ಪೂರ್ತಿ ನೆನೆಯಲಿ. ಐದು ನಿಮಿಷ ಕಾಯಿರಿ. ಅವಸರಪಟ್ಟು ಇಷ್ಟಕ್ಕೂ ತಾಳ್ಮೆ ಇಲ್ಲದೆ ಒರೆಸಿಬಿಟ್ಟರೆ ಮೇಲ್ಪದರ ಮಾತ್ರ ನೆಂದು ಒಳಗೆ ಒಣಗಿದ್ದು ಹಾಗೇ ಉಳಿಯುತ್ತದೆ. ಆಮೇಲೆ ಕಾಗದದಿಂದ ಬಳಿದು ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು, ಅದೂ ದೂಳೆಬ್ಬಿಸುತ್ತದೆ. ಕೈಗವಸನ್ನು ತೊಳೆದು ಬಿಚ್ಚಿ, ನಂತರ ಕೈಯನ್ನು ಸೋಪಿನಿಂದ ತೊಳೆಯಿರಿ.

ಚಿಕ್ಕ ಇಲಿಗೆ ಒಳನುಗ್ಗಲು ಆರು ಮಿಲಿಮೀಟರ್ ಸಂದು ಸಾಕು. ಅಂಥ ಕಿಂಡಿಗೆ ಉಕ್ಕಿನ ನಾರು ತುರುಕಿ ಸಿಮೆಂಟ್ ಮೆತ್ತಿ. ಬರೀ ಫೋಮ್ ತುಂಬಿದರೆ ಕಡಿದು ಹಾಕುತ್ತವೆ.

ಸಿನ್ ನೊಂಬ್ರೆಯಂಥ ವೈರಸ್‌ನ ಸೋಂಕು ತಗುಲಿ ಒಂದರಿಂದ ಎಂಟು ವಾರಗಳ ನಂತರ ಜ್ವರ, ತೊಡೆ ಮತ್ತು ಸೊಂಟದಲ್ಲಿ ವಿಪರೀತ ನೋವು ಬರಬಹುದು. ನಾಲ್ಕರಿಂದ ಹತ್ತು ದಿನ ಕಳೆದು ಕೆಮ್ಮು, ಏದುಸಿರು. ರಕ್ತನಾಳಗಳಿಂದ ದ್ರವ ಸೋರಿ ಶ್ವಾಸಕೋಶ ತುಂಬಿಕೊಳ್ಳುವುದರಿಂದ ಡ್ರಿಪ್ ಹೆಚ್ಚಾದರೂ ಕಷ್ಟ. ಈ ಹಂತ ಮುಟ್ಟಿದ ಹತ್ತು ಮಂದಿಯಲ್ಲಿ ಮೂರ್ನಾಲ್ಕು ಮಂದಿ ಉಳಿಯುವುದಿಲ್ಲ. ಅಷ್ಟು ಹಿಂದೆ ಗುಡಿಸಿದ್ದು ರೋಗಿಗೂ ನೆನಪಿರದು, ವೈದ್ಯರಿಗೂ ಫ್ಲೂ ಎನಿಸುತ್ತದೆ. ಆದ್ದರಿಂದ ಜ್ವರ ಬಂದ ದಿನವೇ, ಕೇಳದಿದ್ದರೂ, ಇಲಿ ಓಡಾಡಿದ ಜಾಗದಲ್ಲಿ ಕೆಲಸ ಮಾಡಿದ್ದೆನೆಂದು ವೈದ್ಯರಿಗೆ ಹೇಳಿಬಿಡಿ.